ವಾಸನೆ ಇಲ್ಲ ಅಂದರೆ ವಿಷ ಇಲ್ಲ ಅಂತಲ್ಲ: ಗೋಡೆ ಬಣ್ಣದ ಬಗ್ಗೆ ನಿಮ್ಮ ಪ್ರಶ್ನೆಗಳು

ಪರಿಸರಕ್ಕೆ, ಮನೆಯವರ ಆರೋಗ್ಯಕ್ಕೆ ತೊಂದರೆ ಕೊಡದ ಒಳಗೋಡೆಯ ಪೇಂಟ್ ಆರಿಸುವುದು ಹೇಗೆ ಅಂತ ಈ ಸಲ ತುಂಬಾ ಜನ ಬರೆದಿದ್ದೀರಿ. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಇರುವುದು ಒಂದೇ ಮಾತು, 'ಯಾವ ಕಂಪನಿಯದ್ದು ಒಳ್ಳೆಯದು?' ಕಂಪನಿ ಹೆಸರು ನಾನು ಹೇಳುವುದಿಲ್ಲ. ಒಂದೇ ಕಂಪನಿಯ ಎರಡು ಡಬ್ಬಗಳ ನಡುವೆ ಅಜಗಜಾಂತರ ಇರುತ್ತದೆ. ಡಬ್ಬ ನೋಡುವುದು ಹೇಗೆ, ಅಂಗಡಿಯಲ್ಲಿ ಏನು ಕೇಳಬೇಕು, ಅದನ್ನು ಹೇಳುತ್ತೇನೆ.

ಇನ್ನೊಂದು ಮಾತು. ನಾನು ಬ್ರಷ್ ಹಿಡಿದೇ ಈ ಕೆಲಸ ಕಲಿತವಳು. ನಿಮ್ಮ ಮನೆಯ ಪೇಂಟ್‌ ಗಾಳಿಯನ್ನು ನಿಮಗಿಂತ ಹೆಚ್ಚು ಕುಡಿಯುವವರು ಅದನ್ನು ಬಳಿಯುವವರು. ಪೇಂಟರ್ ವೃತ್ತಿಯನ್ನೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲಿ ಕ್ಯಾನ್ಸರ್ ತರಬಲ್ಲವುಗಳ ಮೊದಲ ಗುಂಪಿಗೆ ಸೇರಿಸಿತು. ಕೆಳಗಿನ ಉತ್ತರಗಳನ್ನು ಬರೆಯುವಾಗ ಅವರೂ ನನ್ನ ಕಣ್ಣ ಮುಂದೆ ಇದ್ದಾರೆ.

ಪ್ರಶ್ನೆ: ಡಬ್ಬದ ಮೇಲೆ 'ಝೀರೋ ವಿಒಸಿ' ಅಂತ ದೊಡ್ಡದಾಗಿ ಬರೆದಿದೆ. ತೆರೆದು ನೋಡಿದೆ, ವಾಸನೆಯೂ ಅಷ್ಟಾಗಿ ಇಲ್ಲ. ಹಾಗಾದರೆ ಬಳಿದ ರಾತ್ರಿಯೇ ಆ ಕೋಣೆಯಲ್ಲಿ ಮಲಗಬಹುದಲ್ವಾ, ಮೇಡಂ? ನನಗೆ ಅಸ್ತಮಾ ಇದೆ.

ಉತ್ತರ: ಬೇಡ. ಬೇರೆ ಕೋಣೆಯಲ್ಲಿ ಮಲಗಿ.

ವಿಒಸಿ ಅಂದರೆ ಪೇಂಟ್ ಒಣಗುವಾಗ ಆವಿಯಾಗಿ ಗಾಳಿ ಸೇರುವ ಸಾವಯವ ರಾಸಾಯನಿಕಗಳು. ಒಂದು ಲೀಟರ್ ಪೇಂಟ್‌ನಲ್ಲಿ ಎಷ್ಟು ಗ್ರಾಂ ಇದೆ ಅಂತ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಲೀಟರಿಗೆ 5 ಗ್ರಾಂಗಿಂತ ಕಡಿಮೆ ಇದ್ದರೆ 'ಝೀರೋ' ಅಂತ ಬರೆಯುತ್ತಾರೆ. ಪೂರ್ತಿ ಸೊನ್ನೆ ಅಂತ ಅದರ ಅರ್ಥ ಅಲ್ಲ. ಆದರೂ ಅದು ಒಳ್ಳೆಯ ಪೇಂಟೇ. ತೊಂದರೆ ಶುರುವಾಗುವುದು ಮುಂದಿನ ಹಂತದಲ್ಲಿ. ಆ 5 ಗ್ರಾಂ ಲೆಕ್ಕ ಎಷ್ಟೋ ಸಲ ಬಿಳಿ ಬೇಸ್‌ಗೆ ಮಾತ್ರ ಅನ್ವಯಿಸುತ್ತದೆ. ನೀವು ಶೇಡ್ ಕಾರ್ಡ್‌ ನೋಡಿ ಬಣ್ಣ ಹೇಳುತ್ತೀರಿ, ಅಂಗಡಿಯವರು ಮೆಷಿನ್‌ನಲ್ಲಿ ಬಣ್ಣದ ದ್ರಾವಣ, ಅಂದರೆ ಟಿಂಟ್, ಬೆರೆಸುತ್ತಾರೆ. ಆ ದ್ರಾವಣದಲ್ಲಿ ಗ್ಲೈಕಾಲ್ ಥರದ ವಿಒಸಿ ಇದ್ದರೆ, ಅದೂ ನಿಮ್ಮ ಡಬ್ಬ ಸೇರುತ್ತದೆ. ಬಣ್ಣ ಕಡು ಆದಷ್ಟೂ ದ್ರಾವಣ ಜಾಸ್ತಿ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು, 'ನಿಮ್ಮ ಟಿಂಟ್ ಕೂಡ ಝೀರೋ ವಿಒಸಿನಾ?' ಅಂತ.

ವಾಸನೆಯನ್ನು ನಂಬಬೇಡಿ. ನೀರಿನ ಪೇಂಟ್‌ನಲ್ಲಿ ಕೆಲವೊಮ್ಮೆ ಅಮೋನಿಯಾ ಇರುತ್ತದೆ. ಮೂಗಿಗೆ ಘಾಟು ಹೊಡೆಯುತ್ತದೆ, ಆದರೆ ಅದು ವಿಒಸಿ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಕೆಲವು ಪದಾರ್ಥಗಳು ವಾಸನೆಯೇ ಇಲ್ಲದೆ ವಾರಗಟ್ಟಲೆ ನಿಧಾನವಾಗಿ ಹೊರಬರುತ್ತವೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವವು ಮಾತ್ರ ಲೆಕ್ಕಕ್ಕೆ ಸೇರುತ್ತವೆ. ಅದಕ್ಕಿಂತ ಹೆಚ್ಚು ಬಿಸಿಯಲ್ಲಿ ಕುದಿಯುವವು ಲೆಕ್ಕದ ಆಚೆ ಉಳಿಯುತ್ತವೆ.

ಜನ ಮರೆಯುವ ದೊಡ್ಡ ವಿಷಯ ಬೇರೆಯೇ ಇದೆ. ಗೋಡೆಗೆ ಝೀರೋ ವಿಒಸಿ ತಂದು, ಬಾಗಿಲು ಕಿಟಕಿಗೆ ಥಿನ್ನರ್ ಬೆರೆಸುವ ಎನಾಮೆಲ್ ಹೊಡೆಸುತ್ತಾರೆ. ಅದೇ ಐರೋಪ್ಯ ನಿಯಮ 2010ರಿಂದ ಒಳಗೋಡೆಯ ಮ್ಯಾಟ್ ಪೇಂಟ್‌ಗೆ ಲೀಟರಿಗೆ 30 ಗ್ರಾಂ ಮಿತಿ ಹಾಕಿದೆ. ಮರ ಮತ್ತು ಲೋಹಕ್ಕೆ ಬಳಿಯುವ ದ್ರಾವಕ ಆಧಾರಿತ ಪೇಂಟ್‌ಗೆ ಮಿತಿ 300 ಗ್ರಾಂ. ಈಗ ಲೆಕ್ಕ ಹಾಕಿ. ಗೋಡೆಗೆ 10 ಲೀಟರ್ ಹೋದರೂ ಗಾಳಿಗೆ ಸೇರುವುದು ಹೆಚ್ಚೆಂದರೆ 300 ಗ್ರಾಂ. ಬಾಗಿಲು ಕಿಟಕಿಗೆ ಬರೀ 4 ಲೀಟರ್ ಹೋದರೆ 1,200 ಗ್ರಾಂ. ಮೇಲೆ ಸುರಿದ ಥಿನ್ನರ್ ಅಂತೂ ಒಂದು ಹನಿಯೂ ಉಳಿಯದೆ ಆವಿಯಾಗುತ್ತದೆ. ಅದಕ್ಕೆ ನಾನು ಹೇಳುವುದು, ಮೊದಲು ಬಾಗಿಲಿನ ಪೇಂಟ್ ಬದಲಾಯಿಸಿ. ನೀರಿನ ಎನಾಮೆಲ್ ಈಗ ಚೆನ್ನಾಗಿಯೇ ಬರುತ್ತಿದೆ. ಬ್ರಷ್ ಗೆರೆ ಸ್ವಲ್ಪ ಕಾಣಬಹುದು, ಅಷ್ಟೇ. ಪುಟ್ಟಿ, ಪ್ರೈಮರ್ ಡಬ್ಬಗಳನ್ನೂ ಹೀಗೇ ತಿರುಗಿಸಿ ಓದಿ.

ನಿಮಗೆ ಅಸ್ತಮಾ ಇರುವುದರಿಂದ ಇನ್ನೊಂದು ವಿಷಯ. ನೀರಿನ ಪೇಂಟ್ ಡಬ್ಬದಲ್ಲೇ ಕೊಳೆಯಬಾರದು ಅಂತ ಸಂರಕ್ಷಕ ಹಾಕಿರುತ್ತಾರೆ. ಐಸೋಥಯಾಜೊಲಿನೋನ್ ಅನ್ನುವ ಗುಂಪಿನವು ಹೆಚ್ಚು ಬಳಕೆಯಲ್ಲಿವೆ. ಇವು ಕೆಲವರಿಗೆ ಆಗಿಬರುವುದಿಲ್ಲ. ಚರ್ಮ ಉರಿಯುತ್ತದೆ, ಕೆಲವರಿಗೆ ಹೊಸದಾಗಿ ಬಳಿದ ಕೋಣೆಯೊಳಗೆ ಹೋದರೂ ಸಾಕು, ಮೈಮೇಲೆ ದದ್ದು ಏಳುತ್ತದೆ. ಶಾಂಪೂ, ಕ್ರೀಮ್‌ಗೆ ಈ ಹಿಂದೆ ಅಲರ್ಜಿ ಆಗಿದ್ದರೆ ಡಬ್ಬದ ಹಿಂದೆ ಈ ಹೆಸರು ಹುಡುಕಿ. ಎದುರುಬದುರು ಕಿಟಕಿ ತೆರೆದಿಡಿ. ಎರಡು ಮೂರು ದಿನ ಆ ಕೋಣೆಯಲ್ಲಿ ಮಲಗಬೇಡಿ, ಸಾಧ್ಯವಾದರೆ ಇನ್ನೂ ಜಾಸ್ತಿ ದಿನ ಬಿಡಿ. ಆಮೇಲೂ ಕೆಲವು ವಾರ ಗಾಳಿಯಾಡುತ್ತಿರಲಿ. ಗೋಡೆ ಮುಟ್ಟಿದರೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಒಳಗೂ ಒಣಗಿದೆ ಅಂತ ಅಲ್ಲ.

ಪ್ರಶ್ನೆ: ನಾನು ಐದು ತಿಂಗಳ ಬಸುರಿ. ಬಹಳ ಹಳೆಯ ಮನೆ ನಮ್ಮದು. ಕಿಟಕಿ ಚೌಕಟ್ಟಿನ ಬಣ್ಣ ಚಕ್ಕೆ ಏಳುತ್ತಿದೆ. ಮಗು ಬರುವುದರೊಳಗೆ ಎಲ್ಲಾ ಉಜ್ಜಿ ತೆಗೆದು ಪರಿಸರಸ್ನೇಹಿ ಪೇಂಟ್ ಬಳಿಯೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ನಾನೂ ಕೈ ಜೋಡಿಸಬಹುದೇ?

ಉತ್ತರ: ಉಜ್ಜುವುದನ್ನು ಇವತ್ತೇ ನಿಲ್ಲಿಸಿ ಅಂತ ನಿಮ್ಮ ಯಜಮಾನರಿಗೆ ಹೇಳಿ. ಅವರ ಉದ್ದೇಶ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹೊಸ ಪೇಂಟ್‌ಗಿಂತ ಆ ಹಳೆಯ ಪೇಂಟ್‌ನ ಧೂಳು ಎಷ್ಟೋ ಪಟ್ಟು ಅಪಾಯ.

ಹಳೆಯ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಬಿಳಿಗೆ ಬಿಳಿ ಸೀಸ, ಹಳದಿ ಮತ್ತು ಕಿತ್ತಳೆಗೆ ಲೆಡ್ ಕ್ರೋಮೇಟ್, ಕಬ್ಬಿಣಕ್ಕೆ ಕೆಂಪು ಸೀಸದ ಪ್ರೈಮರ್ ಹಾಕುತ್ತಿದ್ದರು. ಇದು ಕೆಟ್ಟದ್ದು ಅಂತ ನಿನ್ನೆ ಮೊನ್ನೆ ಗೊತ್ತಾಗಿದ್ದಲ್ಲ. ಕಟ್ಟಡಗಳ ಒಳಗೆ ಬಿಳಿ ಸೀಸದ ಬಳಕೆಗೆ ಕಡಿವಾಣ ಹಾಕಲು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲೇ ಒಪ್ಪಂದ ಮಾಡಿತು. ಪೇಂಟರ್‌ಗಳು ಕಾಯಿಲೆ ಬೀಳುತ್ತಿದ್ದರು, ಅದಕ್ಕೆ. ಆದರೂ ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಪೇಂಟ್ ನಿಷೇಧವಾಗಲು 1978 ಬರಬೇಕಾಯಿತು. ಇವತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಎಲ್ಲ ದೇಶಗಳಿಗೂ ಸೂಚಿಸುವ ಮಿತಿ ಹತ್ತು ಲಕ್ಷಕ್ಕೆ 90 ಭಾಗ. ಎಷ್ಟು ಸೀಸ ಮೈ ಸೇರಿದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಇಡುತ್ತದೆ. ಬಸುರಿಯ ರಕ್ತದಿಂದ ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ.

ಆ ಕಿಟಕಿಯ ಒಂದು ಚಕ್ಕೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಸೀಸ ಇದೆ ಅಂತಲೇ ತಿಳಿದು ನಡೆದುಕೊಳ್ಳಿ. ಗಟ್ಟಿಯಾಗಿ ಕೂತಿರುವ ಬಣ್ಣವನ್ನು ಕೆದಕಬೇಡಿ, ಅದರ ಮೇಲೇ ಹೊಸದು ಬಳಿಯಬಹುದು. ಚಕ್ಕೆ ಎದ್ದ ಜಾಗ ಮಾತ್ರ ಈ ಕೆಲಸ ಗೊತ್ತಿರುವವರಿಂದ ತೆಗೆಸಿ. ಅವರು ಮೊದಲು ನೀರು ಸಿಂಪಡಿಸಿ ಒದ್ದೆ ಮಾಡಬೇಕು, ಒದ್ದೆ ಇರುವಾಗಲೇ ಕೈಯಿಂದ ಹೆರೆಯಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿರಬೇಕು. ಒಣ ಸ್ಯಾಂಡ್‌ಪೇಪರ್, ಉಜ್ಜುವ ಮೆಷಿನ್, ಬೆಂಕಿಯಿಂದ ಸುಡುವುದು, ಇದು ಮೂರೂ ಬೇಡವೇ ಬೇಡ. ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಬಿಸಾಡಿ. ಕಿಟಕಿ ಬಾಗಿಲುಗಳಲ್ಲೇ ಜಾಸ್ತಿ ಎಚ್ಚರ ಬೇಕು. ತೆರೆದು ಮುಚ್ಚುವಾಗ ಉಜ್ಜಿ ಉಜ್ಜಿ ದಿನಾ ಧೂಳು ಬೀಳುವುದು ಅಲ್ಲೇ.

ಕೆಲಸ ಮುಗಿದು ಶುಚಿ ಆಗುವವರೆಗೆ ನೀವು ಮನೆಯಲ್ಲಿ ಇರಲೇಬೇಡಿ, ತಾಯಿ. ಕೆಲಸದವರಿಗೆ ಸೀಸದ ಧೂಳು ತಡೆಯುವ ಫಿಲ್ಟರ್ ಮಾಸ್ಕ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ನೀವೇ ಕೊಡಿಸಿ. ಆ ಬಟ್ಟೆಯಲ್ಲೇ ಅವರು ತಮ್ಮ ಮಕ್ಕಳ ಹತ್ತಿರ ಹೋಗಬಾರದು, ಅದನ್ನೂ ಹೇಳಿ.

ಪ್ರಶ್ನೆ: ಸುಣ್ಣ, ಮಣ್ಣಿನ ಪೇಂಟ್, ಹಾಲಿನ ಪೇಂಟ್ ಇವೆಲ್ಲ ನೈಸರ್ಗಿಕ. ಹಾಗಾದರೆ ಕಣ್ಣು ಮುಚ್ಚಿ ಇವನ್ನೇ ಬಳಸಬಹುದಲ್ವಾ?

ಉತ್ತರ: ನನಗೆ ಸುಣ್ಣ ಅಂದರೆ ಬಹಳ ಇಷ್ಟ. ಆದರೆ ಅದನ್ನು ಬಳಸುವಾಗ ಕಣ್ಣು ಮುಚ್ಚುವ ಹಾಗಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕೆಲಸ ಮಾಡಬೇಕು. ಸುಣ್ಣದ ನೀರು 12ಕ್ಕಿಂತ ಹೆಚ್ಚು ಪಿಎಚ್ ಇರುವ ಕ್ಷಾರ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಸಿಡಿದ ತಕ್ಷಣ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ವೈದ್ಯರ ಹತ್ತಿರ ಓಡಬೇಕು.

ಅದೇ ಕ್ಷಾರಗುಣ ಗೋಡೆಗೆ ವರ. ಬೂಷ್ಟು ಅಲ್ಲಿ ಬೆಳೆಯಲು ಒದ್ದಾಡುತ್ತದೆ. ಸಂರಕ್ಷಕವೂ ಬೇಕಾಗುವುದಿಲ್ಲ. ಗೋಡೆಯ ಒಳಗಿನ ತೇವ ಸಲೀಸಾಗಿ ಹೊರಗೆ ಬರುತ್ತದೆ. ಸುಣ್ಣ ಒಣಗುವುದು ಬರೀ ನೀರು ಆರಿ ಅಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಸುಣ್ಣದಕಲ್ಲೇ ಆಗುತ್ತದೆ. ಕಲ್ಲನ್ನು ಸುಡುವಾಗ ಅದರಿಂದ ಹೊರಟ ಅನಿಲದಲ್ಲಿ ಒಂದು ಪಾಲು ಹೀಗೆ ವಾಪಸ್ ಬರುತ್ತದೆ. ಆದರೆ ಸುಮಾರು 900 ಡಿಗ್ರಿಯಲ್ಲಿ ಸುಡಲು ಉರಿಸಿದ ಇಂಧನದ ಹೊಗೆ ವಾಪಸ್ ಬರುವುದಿಲ್ಲ. ಆದ್ದರಿಂದ ಸುಣ್ಣ ಪರಿಸರಕ್ಕೆ ಪುಕ್ಕಟೆ ಅಂತ ಹೇಳಲಾರೆ.

ಬಳಿಯುವಾಗ ಹಾಲಿನಷ್ಟು ತೆಳ್ಳಗೆ ಇರಬೇಕು. ಗೋಡೆಗೆ ಮೊದಲು ನೀರು ಚಿಮುಕಿಸಿ. ಬ್ರಷ್ ಅನ್ನು ಅಡ್ಡಾದಿಡ್ಡಿ ಆಡಿಸಿ. ಮೊದಲ ಕೋಟ್‌ನಲ್ಲಿ ಏನೂ ಕಾಣುವುದಿಲ್ಲ, ಗೋಡೆ ಬರೀ ಒದ್ದೆ ಆದಂತೆ ಇರುತ್ತದೆ. ಗಾಬರಿಯಾಗಿ ಜನ ದಪ್ಪ ಹೊಡೆಯುತ್ತಾರೆ. ದಪ್ಪ ಹೊಡೆದ ಸುಣ್ಣ ಬಿರುಕು ಬಿಟ್ಟು ಪುಡಿ ಉದುರುತ್ತದೆ. ಮಾರನೇ ದಿನ ನೋಡಿ, ಆರಿದ ಮೇಲೆ ಬೆಳ್ಳಗೆ ತಿರುಗಿರುತ್ತದೆ. ಹೀಗೆ ದಿನಕ್ಕೊಂದರಂತೆ ಮೂರರಿಂದ ಐದು ತೆಳು ಕೋಟ್. ಬಣ್ಣ ಬೇಕಾದರೆ ಹಳದಿ ಮಣ್ಣು, ಕೆಮ್ಮಣ್ಣು, ಕಬ್ಬಿಣದ ಆಕ್ಸೈಡ್‌ಗಳು ಸುಣ್ಣಕ್ಕೆ ಹೊಂದುತ್ತವೆ. ನೀಲಿಗೆ ಅಲ್ಟ್ರಾಮರೀನ್ ನಿಲ್ಲುತ್ತದೆ. ಪ್ರಶ್ಯನ್ ಬ್ಲೂ ಸುಣ್ಣ ತಾಗಿದರೆ ಬಣ್ಣ ಕಳೆದುಕೊಳ್ಳುತ್ತದೆ.

ಮಣ್ಣಿನ ಪೇಂಟ್ ನೋಡಲು ಬಹಳ ಹಿತ. ಕೈಯಾಡುವ ಜಾಗಕ್ಕೆ, ನೀರು ಸಿಡಿಯುವ ಜಾಗಕ್ಕೆ ಆಗುವುದಿಲ್ಲ. ಹಾಲಿನ ಪೇಂಟ್‌ಗೆ ಅಂಟು ಕೊಡುವುದು ಹಾಲಿನ ಪ್ರೋಟೀನ್ ಕೇಸೀನ್. ಕಲಸಿಟ್ಟರೆ ಬೇಗ ಕೆಡುತ್ತದೆ, ತೇವದ ಕೋಣೆಯಲ್ಲಿ ಬೂಷ್ಟಿಗೆ ಆಹಾರವಾಗುತ್ತದೆ. ಅಗಸೆ ಎಣ್ಣೆಯ ಪೇಂಟ್ ಮರಕ್ಕೆ ಒಳ್ಳೆಯದು. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ. ಎಣ್ಣೆ ಪೇಂಟ್ ತೆಳು ಮಾಡಲು ಟರ್ಪೆಂಟೈನ್ ಅಥವಾ ಕಿತ್ತಳೆ ಸಿಪ್ಪೆಯ ಲಿಮೋನೀನ್ ಬಳಸುತ್ತಾರೆ. ಎರಡೂ ಗಿಡಮರದಿಂದ ಬಂದವೇ. ಎರಡೂ ವಿಒಸಿಗಳೇ.

'ಮಣ್ಣಿನದು', 'ಸುಣ್ಣದ್ದು' ಅಂತ ಮಾರುವ ಕೆಲವು ಡಬ್ಬಗಳಲ್ಲಿ ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ ಅಂಟು ಕೂಡ ಇರುತ್ತದೆ. ಅಂಟು ಯಾವುದು ಅಂತ ಕೇಳಿ. ಹೇಳಲು ಹಿಂಜರಿದರೆ ಆ ಡಬ್ಬ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಗೋಡೆಗೆ ಈಗ ಪ್ಲಾಸ್ಟಿಕ್ ಎಮಲ್ಷನ್ ಇದೆ. ಅದರ ಮೇಲೆ ಸುಣ್ಣ ಬಳಿಯಬಹುದಾ?

ಉತ್ತರ: ನಿಲ್ಲುವುದಿಲ್ಲ. ಗೋಡೆಗೆ ಒಂದು ಚಮಚ ನೀರು ಎರಚಿ ನೋಡಿ. ಹೀರಿಕೊಂಡು ಕಪ್ಪಾದರೆ ಸುಣ್ಣ ಹಿಡಿಯುತ್ತದೆ. ಹನಿಹನಿಯಾಗಿ ಜಾರಿ ಇಳಿದರೆ ಇಲ್ಲ. ಖನಿಜವನ್ನೇ ಅಂಟಾಗಿ ಬಳಸುವ ಸಿಲಿಕೇಟ್ ಪೇಂಟ್‌ಗೂ ಇದೇ ಮಾತು. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಪೇಂಟ್ ಅದು. ಗಾರೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಹಾಗಾಗಿ ಬಹಳ ಕಾಲ ಬಾಳುತ್ತದೆ. ಆದರೆ ಪ್ಲಾಸ್ಟಿಕ್ ಪದರದ ಜೊತೆ ಬೆಸೆಯಲು ಅದಕ್ಕೇನೂ ಸಿಗುವುದಿಲ್ಲ. ಹಳೆಯ ಎಮಲ್ಷನ್ ಗಟ್ಟಿಯಾಗಿದ್ದರೆ ಅದನ್ನೆಲ್ಲಾ ಕಿತ್ತು ಹಾಕುವುದು ಸುಮ್ನೆ ದಂಡ. ಮೇಲೆ ವಿಒಸಿ ಕಡಿಮೆ ಇರುವ ಎಮಲ್ಷನ್ ಹಾಕಿ, ಸಾಕು.

ಪ್ರಶ್ನೆ: ಮಗಳಿಗೆ ಅವಳ ಕೋಣೆಯ ನಾಲ್ಕೂ ಗೋಡೆ ಕಡು ನೀಲಿ ಬೇಕಂತೆ. ಕೋಣೆಗೆ ಇರುವುದು ಒಂದೇ ಚಿಕ್ಕ ಕಿಟಕಿ. ಬಣ್ಣಕ್ಕೂ ಪರಿಸರಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಖಂಡಿತ ಇದೆ. ಗೋಡೆ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಸೊನ್ನೆಯಿಂದ ನೂರರವರೆಗೆ ಒಂದು ಅಳತೆ ಇದೆ. ಶೇಡ್ ಕಾರ್ಡ್‌ನಲ್ಲಿ 'ಎಲ್‌ಆರ್‌ವಿ' ಅಂತ ಬರೆದಿರುತ್ತಾರೆ. ಒಳ್ಳೆಯ ಬಿಳಿಗೆ 80ಕ್ಕಿಂತ ಹೆಚ್ಚು. ಕಡು ನೀಲಿಗೆ 10ರ ಒಳಗೆ. ಅಂದರೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಗೋಡೆಯೇ ನುಂಗುತ್ತದೆ. ಒಂದೇ ಕಿಟಕಿಯ ಕೋಣೆಯಲ್ಲಿ ಹಗಲೇ ದೀಪ ಹಾಕಬೇಕಾಗುತ್ತದೆ. ಬಣ್ಣ ಕಡು ಆದರೆ ಟಿಂಟ್ ಜಾಸ್ತಿ ಅಂತ ಮೇಲೆ ಹೇಳಿದ್ದೆ. ಕೋಟ್‌ಗಳೂ ಜಾಸ್ತಿ ಬೇಕಾಗಬಹುದು. ನಾಳೆ ಅವಳಿಗೆ ಬೇಜಾರಾಗಿ ತಿಳಿ ಬಣ್ಣ ಬೇಕು ಅಂದರೆ, ಆ ನೀಲಿಯನ್ನು ಮುಚ್ಚಲು ಪ್ರೈಮರ್ ಸೇರಿ ಇನ್ನಷ್ಟು ಕೋಟ್.

ಹಾಗಂತ ಅವಳ ಆಸೆಯನ್ನು ತಳ್ಳಿಹಾಕಬೇಡಿ. ಮಕ್ಕಳಿಗೆ ಬಣ್ಣ ಬೇಕು. ಒಂದು ಗೋಡೆ ಕಡು ನೀಲಿ ಇರಲಿ. ಯಾವ ಗೋಡೆ? ಕಿಟಕಿ ಇರುವ ಗೋಡೆಯೇ. ಹೊರಗಿನ ಬೆಳಕು ನೇರವಾಗಿ ಬೀಳುವುದು ಎದುರಿನ ಮತ್ತು ಅಕ್ಕಪಕ್ಕದ ಗೋಡೆಗಳ ಮೇಲೆ. ಅವು ತಿಳಿಯಾಗಿರಲಿ. ಸೀಲಿಂಗ್ ಬಿಳಿ ಇರಲೇಬೇಕು. ಹೀಗೆ ಮಾಡಿದರೆ ಅವಳಿಗೆ ನೀಲಿಯೂ ಸಿಕ್ಕಿತು, ನಿಮಗೆ ಬೆಳಕೂ ಉಳಿಯಿತು.

ಶೇಡ್ ಕಾರ್ಡ್‌ನ ಉಗುರಗಲದ ಚೌಕ ನೋಡಿ ಯಾವತ್ತೂ ತೀರ್ಮಾನ ಮಾಡಬೇಡಿ. ದೊಡ್ಡ ಗೋಡೆಯ ಮೇಲೆ ಅದೇ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ. ಚಿಕ್ಕ ಸ್ಯಾಂಪಲ್ ಡಬ್ಬ ತಂದು ಒಂದು ದೊಡ್ಡ ರಟ್ಟಿಗೆ ಎರಡು ಕೋಟ್ ಹಾಕಿ. ಸುತ್ತ ಎರಡು ಬೆರಳಗಲ ಬಿಳಿ ಅಂಚು ಬಿಡಿ. ಇಲ್ಲದಿದ್ದರೆ ಗೋಡೆಯ ಹಳೆಯ ಬಣ್ಣ ಪಕ್ಕದಲ್ಲಿ ನಿಂತು ಕಣ್ಣಿಗೆ ಮೋಸ ಮಾಡುತ್ತದೆ. ಪೂರ್ತಿ ಒಣಗಲಿ, ಹಸಿಯಲ್ಲಿ ಕಂಡ ಬಣ್ಣ ಬೇರೆ, ಒಣಗಿದ ಮೇಲೆ ಕಾಣುವುದು ಬೇರೆ. ಆಮೇಲೆ ರಟ್ಟನ್ನು ಬೆಳಿಗ್ಗೆ ಕಿಟಕಿ ಹತ್ತಿರ, ಮಧ್ಯಾಹ್ನ ಮೂಲೆಯಲ್ಲಿ, ರಾತ್ರಿ ದೀಪದ ಕೆಳಗೆ ಇಟ್ಟು ನೋಡಿ. ಬಲ್ಬ್ ಬದಲಿಸಿಯೂ ನೋಡಿ. 2,700 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಆ ನೀಲಿ ಮಂಕಾಗುತ್ತದೆ. 6,500ರ ಬಿಳಿ ಬೆಳಕಿನಲ್ಲಿ ತಣ್ಣಗೆ ಹೊಳೆಯುತ್ತದೆ. ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ರಟ್ಟು ಒಂದು ವಾರ ಕೋಣೆಯಲ್ಲೇ ಇರಲಿ.

ಬಣ್ಣದ ಮೋಹ ಮನುಷ್ಯನಿಗೆ ಎಷ್ಟು ದುಬಾರಿ ಆಗಿದೆ ಅನ್ನುವುದಕ್ಕೆ ಒಂದು ಹಳೆಯ ಕತೆ. ಸ್ವೀಡನ್‌ನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ 1775ರಲ್ಲಿ ಒಂದು ಸೊಗಸಾದ ಹಸಿರು ಬಣ್ಣ ಮಾಡಿದ. ಅದರಲ್ಲಿ ಆರ್ಸೆನಿಕ್ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆರ್ಸೆನಿಕ್ ಹಸಿರಿನ ವಾಲ್‌ಪೇಪರ್ ಯುರೋಪಿನ ಮನೆಮನೆಯಲ್ಲೂ ಬಂತು, ಅದರ ಜೊತೆ ಕಾಯಿಲೆಯೂ ಬಂತು. ಈಗ ಬರುವ ಪಿಗ್ಮೆಂಟ್‌ಗಳು ಹಾಗಿಲ್ಲ. ಆದರೆ ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಬಣ್ಣದ ಎನಾಮೆಲ್ ಕೊಳ್ಳುವಾಗ ಡಬ್ಬದ ಮೇಲೆ ಸೀಸ ಸೇರಿಸಿಲ್ಲ ಅಂತ ಇದೆಯಾ ನೋಡಿಯೇ ಕೊಳ್ಳಿ.

ಪ್ರಶ್ನೆ: ಮಲಗುವ ಕೋಣೆಯ ಮೂಲೆಯಲ್ಲಿ ಬೂಷ್ಟು. ಫಂಗಸ್ ನಿರೋಧಕ ಪೇಂಟ್ ಹೊಡೆದೆ, ಮತ್ತೆ ಬಂತು. ಇನ್ನೂ ಸ್ಟ್ರಾಂಗ್ ಪೇಂಟ್ ಇದೆಯಾ?

ಉತ್ತರ: ಪೇಂಟ್ ಹುಡುಕಬೇಡಿ, ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಆ ಪೇಂಟ್‌ಗಳಲ್ಲಿ ಇರುವುದು ಬೂಷ್ಟು ಕೊಲ್ಲುವ ವಿಷ. ಕಾಲ ಕಳೆದಂತೆ ಅದರ ಶಕ್ತಿ ಕುಂದುತ್ತದೆ, ತೇವ ಹಾಗೇ ಇರುತ್ತದೆ. ಮಲಗುವ ಕೋಣೆಗೆ ಅದು ನನಗೆ ಇಷ್ಟವೂ ಇಲ್ಲ.

ಒಂದು ಚದರ ಅಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆ ಕಡೆ ಹನಿ ಕೂತಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಪೈಪ್, ಹೊರಗೋಡೆಯ ಬಿರುಕು, ನೆಲದ ತೇವ ನೋಡಿಸಿ. ಹಾಳೆಯ ಮುಂದೆ ಹನಿ ಇದ್ದರೆ ಕೋಣೆಯ ಗಾಳಿಯ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಆಗ ಬೀರು, ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಗಾಳಿ ಆಡಲಿ. ಒದ್ದೆ ಬಟ್ಟೆ ಒಳಗೆ ಒಣಗಿಸಬೇಡಿ. ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಬಣ್ಣದ ಮಾತು.

ಪ್ರಶ್ನೆ: ಹೋದ ಸಲ ಬಳಿಸಿದಾಗ ಉಳಿದ ಅರ್ಧರ್ಧ ಡಬ್ಬಗಳು ಮನೆ ತುಂಬಾ ಇವೆ. ನೀರಿನ ಪೇಂಟ್ ತಾನೇ, ಚರಂಡಿಗೆ ಸುರಿದರೆ ಏನಾಗುತ್ತದೆ?

ಉತ್ತರ: ದಯವಿಟ್ಟು ಸುರಿಯಬೇಡಿ. ನೀರಿನ ಪೇಂಟ್ ಅಂದರೆ ನೀರಿನಲ್ಲಿ ಕರಗಿಸಿದ ಬಣ್ಣ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ರಿಲಿಕ್ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್. ಚರಂಡಿಗೆ ಸುರಿದರೆ ಅದರ ಒಂದು ಪಾಲು ಕೆರೆ ಹೊಳೆ ಸೇರುತ್ತದೆ, ಜೊತೆಗೆ ಸಂರಕ್ಷಕದ ವಿಷವೂ.

ಕೆಟ್ಟ ವಾಸನೆ ಬಾರದ, ಕಲಕಿದರೆ ಒಂದಾಗುವ ಪೇಂಟ್ ಇನ್ನೂ ಚೆನ್ನಾಗಿದೆ ಅಂತ ಅರ್ಥ. ಒಂದೇ ಬಗೆಯವನ್ನು ಸೇರಿಸಿ ಸ್ಟೋರ್ ರೂಮಿಗೆ ಬಳಿಯಿರಿ, ಅಥವಾ ಬೇಕಾದವರಿಗೆ ಕೊಡಿ. ಕೆಟ್ಟಿದ್ದರೆ ಮರಳು ಅಥವಾ ಮರದ ಹೊಟ್ಟು ಬೆರೆಸಿ ಮುಚ್ಚಳ ತೆರೆದು ಬಯಲಿನಲ್ಲಿ ಗಟ್ಟಿಯಾಗಲು ಬಿಡಿ, ಆಮೇಲೆ ಕಸಕ್ಕೆ ಹಾಕಿ. ಥಿನ್ನರ್, ಎನಾಮೆಲ್ ಉಳಿದಿದ್ದರೆ ಅದು ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೇ ಹೋಗಬೇಕು.

ಮುಂದಿನ ಸಲ ಅಳೆದು ತನ್ನಿ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೋಣೆ ಅಂದುಕೊಳ್ಳಿ. ಸುತ್ತಳತೆ 14, ಗೋಡೆ 42 ಚದರ ಮೀಟರ್. ಬಾಗಿಲು ಕಿಟಕಿಗೆ 4 ಕಳೆದರೆ 38. ಎರಡು ಕೋಟ್‌ಗೆ 76. ನುಣುಪು ಗೋಡೆಗೆ ಒಂದು ಲೀಟರ್ ಸುಮಾರು 10 ಚದರ ಮೀಟರ್ ಬರುತ್ತದೆ. ಅಲ್ಲಿಗೆ 8 ಲೀಟರ್ ಸಾಕು. ಅಂಗಡಿಯವರು ಇಪ್ಪತ್ತು ಲೀಟರ್ ಡಬ್ಬವೇ ಲಾಭ ಅಂದರೆ ಈ ಲೆಕ್ಕ ತೋರಿಸಿ.

ಬ್ರಷ್, ರೋಲರ್ ತೊಳೆಯುವುದಕ್ಕೂ ಒಂದು ಕ್ರಮ ಇದೆ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ತೊಳೆಯಲೇಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಮಾರನೇ ದಿನಕ್ಕೂ ಹಸಿಯಾಗಿಯೇ ಇರುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ರೋಲರ್‌ನಲ್ಲಿ ಉಳಿದದ್ದನ್ನು ಚಪ್ಪಟೆ ಕಡ್ಡಿಯಿಂದ ಡಬ್ಬಕ್ಕೇ ಹಿಂಡಿ. ಎಷ್ಟು ಬರುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಆಮೇಲೆ ಹಳೆಯ ಪೇಪರ್ ಮೇಲೆ ಉರುಳಿಸಿ, ಎರಡು ಬಕೆಟ್‌ನಲ್ಲಿ ಒಂದಾದ ಮೇಲೆ ಒಂದು ಅದ್ದಿ ತೊಳೆಯಿರಿ. ಆ ನೀರನ್ನು ಹಾಗೇ ಬಿಡಿ. ಕೆಸರು ತಳ ಸೇರುತ್ತದೆ. ಮೇಲಿನ ನೀರು ಮತ್ತೆ ಬ್ರಷ್ ತೊಳೆಯಲು ಬರುತ್ತದೆ, ತಳದ ಕೆಸರನ್ನು ಒಣಗಿಸಿ ಕಸಕ್ಕೆ ಹಾಕಿ. ಉಳಿಸಿಕೊಂಡ ಡಬ್ಬದ ಮೇಲೆ ಕೋಣೆಯ ಹೆಸರು, ಶೇಡ್ ನಂಬರ್, ಬಳಿದ ವರ್ಷ ಬರೆದಿಡಿ. ಗೋಡೆಗೆ ಒಂದು ಗೀರು ಬಿದ್ದರೆ ಅಷ್ಟೇ ಜಾಗ ಸರಿಮಾಡಬಹುದು, ಇಡೀ ಗೋಡೆ ಬಳಿಸಬೇಕಾಗಿಲ್ಲ.